ಕಂಕುಳಿನ ವಾಸನೆ: ಸಣ್ಣ ಕೊಯ್ತದ ಲಾಭ, ನಷ್ಟ

ಎಲ್ಲರಿಗೂ ನಮಸ್ಕಾರ.

ಕಂಕುಳಿನ ವಾಸನೆಗೂ ಕಿವಿಯ ಗುಗ್ಗೆಗೂ ನಂಟಿದೆ ಅಂದರೆ ನಗುತ್ತೀರಿ, ಅಲ್ವಾ? ಆದರೆ ಎಬಿಸಿಸಿ11 ಅನ್ನುವ ಒಂದು ಜೀನ್ ಎರಡರ ಮೇಲೂ ಪ್ರಭಾವ ಬೀರುತ್ತದೆ. ಗುಗ್ಗೆ ಅಂಟಂಟಾಗಿರಬೇಕೋ ಒಣಗಿರಬೇಕೋ ಅನ್ನುವುದು ಇದೇ ಜೀನಿನಿಂದ ಎಂದು 2006ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಜಪಾನ್, ಕೊರಿಯಾ, ಚೀನಾದಲ್ಲಿ ಹೆಚ್ಚಿನವರದು ಒಣ ಗುಗ್ಗೆ. ಅವರಿಗೆ ಕಂಕುಳಿನ ವಾಸನೆಯೂ ಕಡಿಮೆ. ಹಾಗಾಗಿ ಅಲ್ಲಿ ವಾಸನೆ ಇರುವವರು ಬೇಗ ಗಮನಕ್ಕೆ ಬರುತ್ತಾರೆ, ಮುಜುಗರಪಡುತ್ತಾರೆ. ಈ ವಾಸನೆ ಕಳೆಯುವ ಆಪರೇಷನ್‌ಗಳ ಅನುಭವ ಜಾಸ್ತಿ ಇರುವುದೂ ಆ ದೇಶಗಳಲ್ಲೇ.

ಬೆವರು ತಾನಾಗಿ ನಾರುವುದಿಲ್ಲ. ಅಪೋಕ್ರೈನ್ ಅನ್ನುವ ಒಂದು ಬಗೆಯ ಬೆವರುಗ್ರಂಥಿಗಳು ಬಿಡುವ ದ್ರವವನ್ನು ಚರ್ಮದ ಮೇಲಿನ ಬ್ಯಾಕ್ಟೀರಿಯಾ ಒಡೆದಾಗ ವಾಸನೆ ಹುಟ್ಟುತ್ತದೆ. ಈ ಗ್ರಂಥಿಗಳು ಇರುವುದು ಚರ್ಮದ ಒಳಪದರ ಕೊಬ್ಬಿಗೆ ತಾಗುವ ಜಾಗದಲ್ಲಿ. ಆಪರೇಷನ್‌ನ ಎಲ್ಲ ತೊಂದರೆಗೂ ಮೂಲ ಇದೇ.

ಹಿಂದೆ ಕೂದಲಿರುವ ಚರ್ಮವನ್ನೇ ಕತ್ತರಿಸಿ ತೆಗೆಯುತ್ತಿದ್ದರು. ದೊಡ್ಡ ಕಲೆ ಉಳಿಯುತ್ತಿತ್ತು, ಕೈ ಎತ್ತಿದರೆ ಬಿಗಿ ಹಿಡಿಯುತ್ತಿತ್ತು. ಆಮೇಲೆ ಬಂದದ್ದು ಮಡಿಕೆಯ ಗುಂಟ ಕೆಲವು ಸೆಂಟಿಮೀಟರ್ ಕೊಯ್ಯುವ ಕ್ರಮ. ಚರ್ಮವನ್ನು ಕೊಬ್ಬಿನಿಂದ ಬಿಡಿಸಿ, ಬೆರಳ ಮೇಲೆ ಒಳಮೈ ಹೊರಗಾಗುವಂತೆ ಮಗುಚುತ್ತಾರೆ. ಕಾಳುಕಾಳಾಗಿ ಕಾಣುವ ಗ್ರಂಥಿಗಳನ್ನು ಕತ್ತರಿಯಿಂದ ಸವರುತ್ತಾರೆ. ಕೊನೆಗೆ ಗಾಜ್ (ಗಾಯಕ್ಕೆ ಇಡುವ ತೆಳು ಬಟ್ಟೆ) ಉಂಡೆಯನ್ನು ಒತ್ತಿಟ್ಟು ಹೊಲಿಗೆ ದಾರದಿಂದಲೇ ಬಿಗಿದು ಕಟ್ಟುತ್ತಾರೆ. ಒಳಗೆ ರಕ್ತ ನಿಂತರೆ ಚರ್ಮ ತಳಕ್ಕೆ ಅಂಟುವುದಿಲ್ಲ. ಅದಕ್ಕೇ ಕೆಲವು ದಿನ ತೋಳು ಎತ್ತುವಂತಿಲ್ಲ. ತಲೆ ಬಾಚುವುದಕ್ಕೂ ಇನ್ನೊಬ್ಬರು ಬೇಕು!

ಇದಕ್ಕಿಂತ ಚಿಕ್ಕ ಗಾಯದ ವಿಧಾನ ಸಕ್ಷನ್ ಕ್ಯುರೆಟಾಜ್. ಅರಿವಳಿಕೆ ಔಷಧ ಬೆರೆಸಿದ ದ್ರವವನ್ನು ಕಂಕುಳಿಗೆ ತುಂಬಿ, ಸಣ್ಣ ತೂತಿನಿಂದ ಕೊಳವೆ ತೂರಿಸಿ, ಚರ್ಮದ ಒಳಮೈ ಕೆರೆಯುತ್ತಾ ಹೀರುತ್ತಾರೆ. ಸುಮ್ನೆ ಕೊಬ್ಬು ಹೀರಿದರೆ ಸಾಲದು, ಗ್ರಂಥಿಗಳು ಚರ್ಮಕ್ಕೇ ಅಂಟಿಕೊಂಡಿರುತ್ತವೆ. ಹಾಗಾಗಿ ಕೊಳವೆಗೆ ಹರಿತವಾದ ಅಂಚು ಬೇಕು. ಆದರೆ ಇಲ್ಲಿ ಸರ್ಜನ್‌ಗೆ ಗ್ರಂಥಿ ಕಣ್ಣಿಗೆ ಬೀಳುವುದಿಲ್ಲ, ಕೈಯಂದಾಜೇ ಗತಿ. ಕಡಿಮೆ ಕೆರೆದರೆ ವಾಸನೆ ಮರಳುತ್ತದೆ. ಜಾಸ್ತಿ ಕೆರೆದರೆ ಚರ್ಮಕ್ಕೆ ರಕ್ತ ಸಿಗದೆ ಅದು ಸಾಯಬಹುದು. ನನ್ನ ಕೇಳಿದರೆ, ಕಲೆ ಎಷ್ಟು ಉದ್ದ ಅಂತ ವೈದ್ಯರನ್ನು ಕೇಳುವ ಮೊದಲು ಈ ಎರಡು ಅಪಾಯಗಳ ಬಗ್ಗೆ ಕೇಳಿ.

ಲೇಸರ್‌ಗೆ ತೂತು ಇನ್ನೂ ಚಿಕ್ಕದು. ತೆಳು ಫೈಬರ್‌ನ ಶಾಖದಿಂದ ಗ್ರಂಥಿಗಳನ್ನು ಸುಡುತ್ತಾರೆ. ಚೇತರಿಕೆ ಬೇಗ. ಆದರೆ ಚರ್ಮ ಸುಡುವ ಭಯವಿದೆ, ಉಳಿದ ಗ್ರಂಥಿಗಳ ಕಾಟವೂ ಇದೆ. ಮೈಕ್ರೋವೇವ್ ಶಾಖದಿಂದ ಹೊರಗಿನಿಂದಲೇ ಗ್ರಂಥಿ ಸುಡುವ ವಿಧಾನದಲ್ಲಿ ಕೊಯ್ತವೇ ಇಲ್ಲ. ಬೆವರು ತಡೆಯುವ ಬೊಟಾಕ್ಸ್ ಚುಚ್ಚುಮದ್ದು ಕೆಲವು ತಿಂಗಳ ಮಾತು. ಬೆವರಿಸುವ ಎದೆಯೊಳಗಿನ ನರ ಕತ್ತರಿಸುವ ಆಪರೇಷನ್ ಬರೀ ವಾಸನೆಗಾಗಿ ಬೇಡ. ಆಮೇಲೆ ಬೆನ್ನು, ತೊಡೆ ಬೆವರಲು ಶುರುವಾದರೆ ಅದನ್ನು ತಡೆಯುವುದು ಕಷ್ಟ.

ಇದೆಲ್ಲಕ್ಕೂ ಮೊದಲು ಒಂದು ಪರೀಕ್ಷೆ ಇದೆ. ಕಂಕುಳಲ್ಲಿ ಕೆಲವು ನಿಮಿಷ ಗಾಜ್ ಇಟ್ಟು, ಅದನ್ನು ವೈದ್ಯರು ಮೂಸುತ್ತಾರೆ. ಗಾಜ್ ನಾರುತ್ತಿಲ್ಲ, ಆದರೂ ರೋಗಿಗೆ ಮಾತ್ರ ದಿನವಿಡೀ ವಾಸನೆ ಬರುತ್ತಿದೆ ಅನ್ನಿ. ಅಂಥವರು ಹೋಗಬೇಕಾದದ್ದು ಮನೋವೈದ್ಯರ ಹತ್ತಿರ. ಎಷ್ಟೇ ಚೆನ್ನಾಗಿ ಗ್ರಂಥಿ ತೆಗೆದರೂ ಅವರಿಗೆ ಆ ವಾಸನೆ ಹೋಗುವುದಿಲ್ಲ.