ಗೊನೆ ಬಿಟ್ಟ ಬಾಳೆಗೆ ಇವತ್ತೇ ಗೂಟ ಕೊಡಿ

ಎಲ್ಲರಿಗೂ ನಮಸ್ಕಾರ. ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣ, ಈ ಕಡೆ ನಂಜನಗೂಡು, ತಿ. ನರಸೀಪುರ, ಹೀಗೆ ಎಲ್ಲೆಲ್ಲೋ ಕೂತು, ಹಾಲು ಕರೆಯುತ್ತಲೋ ಹುಲ್ಲು ಹಾಕುತ್ತಲೋ ರೇಡಿಯೋ ಕೇಳುತ್ತಿದ್ದೀರಿ. ಕೈಕೆಲಸ ನಿಲ್ಲಿಸಬೇಡಿ. ಕಿವಿ ಮಾತ್ರ ಈ ಕಡೆ ಕೊಡಿ, ಸಾಕು.

ಈ ವಾರದ ಹವೆ ನೋಡಿದ್ದೀರಲ್ವಾ? ಸೋಮವಾರ ಸುಡುಬಿಸಿಲು. ಮಂಗಳವಾರ ಸಂಜೆ ಮೋಡ ಕಟ್ಟಿತು, ಗುಡುಗಿತು, ನಾಲ್ಕು ಹನಿ ಹಾಕಿ ಹೋಯಿತು. ನಿನ್ನೆಯಂತೂ ಮಳೆಯೇ ಇಲ್ಲ, ಬರೀ ಗಾಳಿ. ರಸ್ತೆಯ ದೂಳೆಲ್ಲ ಎದ್ದು ಹಗಲಲ್ಲೇ ದೀಪ ಹಾಕಿಕೊಂಡು ಗಾಡಿ ಓಡಿಸುವ ಹಾಗಾಯಿತು. ಮುಂಗಾರಿಗೆ ಇನ್ನೂ ಎರಡು ತಿಂಗಳಿದೆ, ಈಗಲೇ ಯಾಕೆ ಈ ಗಾಳಿ ಅಂತ ಜನ ಕೇಳುತ್ತಾರೆ. ಯುಗಾದಿ ಆಸುಪಾಸಿನಲ್ಲಿ ಇದು ಇದ್ದದ್ದೇ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆ ಇನ್ನೊಂದು.

ನಾನು ಇವತ್ತು ಒಂದೇ ಮಾತು ಹೇಳೋಕೆ ಬಂದಿದ್ದೀನಿ. ಗೊನೆ ಬಿಟ್ಟ ಬಾಳೆಗೆ ಇವತ್ತೇ ಗೂಟ ಕೊಡಿ. ನಾಳೆ ಅಲ್ಲ, ಇವತ್ತು.

ಯಾಕೆ ಇಷ್ಟು ಅವಸರ ಅಂತ ತಿಳಿಯಬೇಕಾದರೆ ಈ ಗಾಳಿ ಎಲ್ಲಿಂದ ಬರುತ್ತದೆ ಅಂತ ಗೊತ್ತಿರಬೇಕು. ಮಧ್ಯಾಹ್ನದ ಹೊತ್ತಿಗೆ ನೆಲ ಕಾದ ಹಂಚಿನ ಹಾಗಾಗಿರುತ್ತದೆ. ನೆಲದ ಮೇಲಿನ ಬಿಸಿಗಾಳಿ ಹಗುರಾಗಿ ಮೇಲಕ್ಕೆ ಏಳುತ್ತದೆ. ಈ ಕಾಲದಲ್ಲಿ ಅರಬ್ಬಿ ಸಮುದ್ರದಿಂದಲೂ ಬಂಗಾಳಕೊಲ್ಲಿಯಿಂದಲೂ ತೇವದ ಗಾಳಿ ನಮ್ಮ ಒಳನಾಡಿಗೆ ನುಗ್ಗಿ ಬಂದು ಸೇರುತ್ತದೆ. ಬಿಸಿಯೂ ಇದೆ, ತೇವವೂ ಇದೆ. ಎರಡೂ ಸೇರಿದರೆ ಮೋಡ ಮೇಲೆ ಮೇಲೆ ಬೆಳೆಯುತ್ತಲೇ ಹೋಗುತ್ತದೆ. ಚಾಮುಂಡಿ ಬೆಟ್ಟ ಮೈಸೂರು ಊರಿನಿಂದ ಸುಮಾರು 300 ಮೀಟರ್ ಎತ್ತರ ಇದೆ. ಅಂಥ ಮೂವತ್ತು ಬೆಟ್ಟ ಒಂದರ ಮೇಲೊಂದು ಪೇರಿಸಿದರೂ ಗುಡುಗು ಮೋಡದ ನೆತ್ತಿ ಅದಕ್ಕಿಂತ ಮೇಲೆ ಇರುತ್ತದೆ.

ಅಷ್ಟು ಎತ್ತರದಿಂದ ಮಳೆ ಬೀಳೋಕೆ ಶುರುವಾದಾಗ ಕೆಳಗಿನ ಗಾಳಿ ಒಣಗಿರುತ್ತದೆ. ಹನಿ ದಾರಿಯಲ್ಲೇ ಆರಿಹೋಗುತ್ತದೆ. ಮಣ್ಣಿನ ಮಡಕೆಯಲ್ಲಿ ನೀರು ಯಾಕೆ ತಣ್ಣಗಾಗುತ್ತದೆ? ಮೈಮೇಲಿನ ತೇವ ಆರುತ್ತಾ ಬಿಸಿ ಎಳೆದುಕೊಂಡು ಹೋಗುತ್ತದೆ, ಅದಕ್ಕೆ. ಮೋಡದ ಕೆಳಗೂ ಅದೇ ಆಗುವುದು. ಹನಿ ಆರಿದಷ್ಟೂ ಗಾಳಿ ತಣ್ಣಗಾಗಿ, ಭಾರವಾಗಿ, ದಪ್ಪಂತ ಕೆಳಗೆ ಬೀಳುತ್ತದೆ. ಅಂಗಳಕ್ಕೆ ಒಂದು ಕೊಡ ನೀರು ಸುರಿದರೆ ನಾಲ್ಕೂ ಕಡೆ ಹರಡುತ್ತದಲ್ಲ, ಹಾಗೆ ಆ ಗಾಳಿ ನೆಲಕ್ಕೆ ಬಿದ್ದು ಸುತ್ತಲೂ ಓಡುತ್ತದೆ. ಮಳೆಗಿಂತ ಮುಂಚೆ ಗಾಳಿ ಬರುವುದು ಇದರಿಂದಲೇ. ಮಳೆ ಮೇಲುಕೋಟೆ ಕಡೆ, ಗಾಳಿ ಪಾಂಡವಪುರದಲ್ಲಿ. ನಿಮ್ಮ ತೋಟದ ಮೇಲೆ ಒಂದು ಹನಿಯೂ ಬೀಳದೆ ತೋಟ ಮಲಗಿರುತ್ತದೆ.

ಆಷಾಢದ ಗಾಳಿ ಹೀಗಲ್ಲ. ಅದು ದಿನವಿಡೀ ಬೀಸಿದರೂ ಪಡುವಣದಿಂದಲೇ ಬೀಸುತ್ತದೆ, ಗಿಡಕ್ಕೂ ರೂಢಿಯಾಗಿರುತ್ತದೆ. ಈಗಿನದು ಮೋಡ ಯಾವ ಕಡೆ ಇದೆಯೋ ಆ ಕಡೆಯಿಂದ ಬರುತ್ತದೆ. ನಿನ್ನೆ ಮೂಡಣದಿಂದ ಬಂದದ್ದು ಇವತ್ತು ತೆಂಕಣದಿಂದ ಬರಬಹುದು. ಹತ್ತು ನಿಮಿಷದ ಆಟ ಅದು. ಬಂತು ಅಂತ ಗೊತ್ತಾದ ಮೇಲೆ ಮಾಡೋಕೆ ಏನೂ ಇರುವುದಿಲ್ಲ.

ಇನ್ನು ಬಾಳೆ. ನಾವು ಬಾಯಲ್ಲಿ ಬಾಳೆಮರ ಅಂತೀವಿ, ಆದರೆ ಅದು ಮರ ಅಲ್ಲ. ಅದರಲ್ಲಿ ಒಂದು ಚೂರೂ ಕಟ್ಟಿಗೆ ಇಲ್ಲ. ಪಟ್ಟೆ ಮೇಲೆ ಪಟ್ಟೆ ಸುತ್ತಿಕೊಂಡು ನಿಂತಿರುವುದು, ಒಳಗೆಲ್ಲ ನೀರು. ಬೇರು ಹೆಚ್ಚಿನದು ಮೇಲಿನ ಒಂದಡಿ ಮಣ್ಣಿನಲ್ಲೇ. ತಾಯಿಬೇರು ಇಲ್ಲ. ಅಂಥ ಗಿಡದ ನೆತ್ತಿಗೆ ಹತ್ತು ಹದಿನೈದು ಕೆಜಿ ಏಲಕ್ಕಿ ಗೊನೆ, ಜಿ-9 ಅನ್ನುವ ತಳಿ ಆದರೆ ಇಪ್ಪತ್ತೈದು ಮೂವತ್ತು ಕೆಜಿ ಗೊನೆ ಒಂದೇ ಪಕ್ಕಕ್ಕೆ ಜೋತುಬಿದ್ದಿರುತ್ತದೆ. ಜಿ-9 ಕುಳ್ಳ, ಹೇಗೋ ತಡೆದುಕೊಳ್ಳುತ್ತದೆ. ಏಲಕ್ಕಿಯೂ ರಸಬಾಳೆಯೂ ಎತ್ತರದ ಗಿಡ, ಮೊದಲ ಏಟು ಅವಕ್ಕೇ. ಗಾಳಿಯ ಲೆಕ್ಕ ಬೇರೆ ಇದೆ, ವೇಗ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 20 ಕಿಲೋಮೀಟರ್ ಗಾಳಿಗೆ ಸುಮ್ನೆ ತೂಗುವ ಗಿಡ 40 ಕಿಲೋಮೀಟರ್ ಗಾಳಿಗೆ ನಡು ಮುರಿದುಕೊಳ್ಳುತ್ತದೆ. ಹವಾಮಾನ ಇಲಾಖೆಯವರು ಗುಡುಗು ಮಳೆಯ ಎಚ್ಚರಿಕೆಯಲ್ಲಿ 40ರಿಂದ 50 ಕಿಲೋಮೀಟರ್ ಗಾಳಿ ಅಂದರೆ ಅದನ್ನು ಸುಮ್ನೆ ಕೇಳಿ ಬಿಡಬೇಡಿ.

ಒಂದು ವಿಷಯ ಹೇಳಲೇಬೇಕು. ನಾನು ತೋಟಗಾರಿಕೆ ಕೆಲಸಕ್ಕೆ ಸೇರಿದ ಹೊಸದು. ನಮ್ಮ ದೊಡ್ಡಪ್ಪನವರು ಪಾಂಡವಪುರದ ಹತ್ತಿರ ನಾಲೆ ಬಯಲಿನಲ್ಲಿ ಒಂದೂವರೆ ಎಕರೆಗೆ ಏಲಕ್ಕಿ ಬಾಳೆ ಹಾಕಿದ್ದರು. ಸಾವಿರದ ಮುನ್ನೂರು ಗಿಡ. ಎಂಟುನೂರಕ್ಕೆ ಗೊನೆ ಬಂದಿತ್ತು. ಎಂಥ ಗೊನೆ ಅಂತೀರಿ, ದಾರಿಯಲ್ಲಿ ಹೋಗುವವರು ನಿಂತು ನೋಡಿ ಹೋಗುತ್ತಿದ್ದರು. ನಾನೇ ಹೇಳಿದ್ದೆ, ದೊಡ್ಡಪ್ಪ, ಗೂಟ ಕೊಡಬೇಕು ಅಂತ. ಅವರು ನನ್ನ ಮಾತಿಗೆ ಬೆಲೆ ಕೊಟ್ಟು ಒಂದು ಟ್ರ್ಯಾಕ್ಟರ್ ಸರ್ವೆ ಗೂಟ ತರಿಸಿ ಪಂಪ್‌ಸೆಟ್ ಮನೆ ಪಕ್ಕ ಬದುವಿನ ಮೇಲೆ ಪೇರಿಸಿಯೂ ಇದ್ದರು. ಹಗ್ಗವೂ ಬಂದಿತ್ತು. ಅಷ್ಟರಲ್ಲಿ ಊರಲ್ಲಿ ಮಾರಮ್ಮನ ಹಬ್ಬ ಬಂತು. ಆಳುಗಳು ಸಿಗಲ್ಲ, ಹಬ್ಬ ಮುಗೀಲಿ, ಸೋಮವಾರ ಕಟ್ಟಿಸ್ತೀನಿ ಅಂದರು. ಆಗಲಿ ದೊಡ್ಡಪ್ಪ ಅಂದೆ. ಆಗಲಿ ಅಂದುಬಿಟ್ಟೆ ನಾನು.

ಶನಿವಾರ ಸಂಜೆ ಜಗಲಿ ಮೇಲೆ ಕಾಫಿ ಕುಡಿಯುತ್ತಾ ಕೂತಿದ್ದೆವು. ಒಂದೆಲೆ ಅಲ್ಲಾಡುತ್ತಿರಲಿಲ್ಲ, ಮೈಯೆಲ್ಲ ಬೆವರು. ಇದ್ದಕ್ಕಿದ್ದ ಹಾಗೆ ತಣ್ಣಗೆ ಮಣ್ಣಿನ ವಾಸನೆ ಬಂತು. ದೊಡ್ಡಪ್ಪ ಮೂಗೆತ್ತಿ, "ಎಲ್ಲೋ ಮಳೆ ಹುಯ್ತಾದೆ ಕಣ್ಲಾ ಮಗ" ಅಂದರು. ಸಂತೋಷವಾಗಿಯೇ ಅಂದರು. ಅವರು ಲೋಟ ಕೆಳಗಿಡುವಷ್ಟರಲ್ಲಿ ಗಾಳಿ ಬಂತು. ಹಬ್ಬಕ್ಕೆ ಹಾಕಿದ್ದ ಚಪ್ಪರದ ಸೋಗೆ ಹಾರಿ ಕೊಟ್ಟಿಗೆ ಮೇಲೆ ಬಿತ್ತು. ತೋಟದ ಕಡೆಯಿಂದ ಸದ್ದು ಕೇಳೋಕೆ ಶುರುವಾಯಿತು. ಮರ ಮುರಿದ ಹಾಗೆ ಪಟೀರ್ ಅಂತಲ್ಲ. ಲೊಟಕ್, ಲೊಟಕ್ ಅಂತ, ಹಸಿ ಸೌತೆಕಾಯಿ ಮುರಿದ ಹಾಗೆ. ಮೊದಲು ಒಂದೊಂದೇ. ಆಮೇಲೆ ಎಣಿಸೋಕಾಗಲಿಲ್ಲ. ಹತ್ತು ನಿಮಿಷ ಇರಬಹುದು. ಮಳೆಯೋ, ಅಂಗಳದ ದೂಳು ಕೂರುವಷ್ಟೂ ಬರಲಿಲ್ಲ.

ಬ್ಯಾಟರಿ ಹಿಡಿದು ಹೋದೆವು. ಮೊದಲ ಸಾಲಿನಲ್ಲೇ ಒಂದು ಗಿಡ ನಡುವಿಗೆ ಮಡಚಿಕೊಂಡು ಬಿದ್ದಿತ್ತು. ಮುರಿದ ಪಟ್ಟೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಗೊನೆಯ ಅರ್ಧ ಮಣ್ಣಲ್ಲಿ ಹೂತುಹೋಗಿತ್ತು. ಕಾಯಿ ಇನ್ನೂ ಕಿರುಬೆರಳ ದಪ್ಪ, ತುದಿಯಲ್ಲಿ ಒಣಗಿದ ಹೂ ಹಾಗೇ ಇತ್ತು. ದೊಡ್ಡಪ್ಪ ಬಗ್ಗಿ ಎರಡೂ ಕೈಯಲ್ಲಿ ಗೊನೆ ಎತ್ತಿ ಹಿಡಿದರು. ನಿಲ್ಲುತ್ತದೇನೋ ಅನ್ನುವ ಹಾಗೆ ಸ್ವಲ್ಪ ಹೊತ್ತು ಹಿಡಿದೇ ಇದ್ದರು. ಆಮೇಲೆ ಮೆಲ್ಲಗೆ ಕೆಳಗಿಟ್ಟು, ಹೋಗಿ ಆ ಗೂಟದ ರಾಶಿ ಮೇಲೆ ಕೂತರು. ಒಂದು ಮಾತೂ ಆಡಲಿಲ್ಲ.

ಮಾರನೇ ದಿನ ಎಣಿಸಿದೆವು. ಗೊನೆ ಬಿಟ್ಟ ಎಂಟುನೂರರಲ್ಲಿ ಐನೂರಕ್ಕೂ ಜಾಸ್ತಿ ನೆಲದ ಮೇಲಿದ್ದವು. ಮನೆ ಹಿಂದೆ ಬಚ್ಚಲು ನೀರಿಗೆ ದೊಡ್ಡಮ್ಮ ಆರು ಗಿಡ ಬೆಳೆಸಿದ್ದರು, ಅದೇ ಏಲಕ್ಕಿ, ಅಷ್ಟೇ ಎತ್ತರ. ಆರೂ ನಿಂತಿದ್ದವು. ಬಾವಿಯ ಹಳೇ ಹಗ್ಗದಲ್ಲಿ ಒಂದಕ್ಕೊಂದು ಬಿಗಿದು ನುಗ್ಗೆ ಮರಕ್ಕೆ ಕಟ್ಟಿದ್ದರು. ಯಾವಾಗ ಕಟ್ಟಿದ್ದು ದೊಡ್ಡಮ್ಮ ಅಂತ ಕೇಳಿದೆ. "ಹಬ್ಬದ ದಿನ ಹೊತ್ತಾರೆನೇ ಕಟ್ದೆ, ಅದ್ಕೆ ಎಷ್ಟೊತ್ತಾಯ್ತದಪ್ಪ?" ಅಂದರು.

ಅವತ್ತಿನಿಂದ ಎಲ್ಲಿ ಮೈಕ್ ಕೊಟ್ಟರೂ ನಾನು ಇದೇ ಹೇಳುತ್ತೇನೆ, ಕೇಳಿದವರೇ ಮತ್ತೆ ಕೇಳಬೇಕಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಗೂಟ ತಂದಿಟ್ಟರೆ ಆಗಲಿಲ್ಲ, ಇವತ್ತೇ ಕೊಡಬೇಕು.

ಕೊಡುವುದು ಹೇಗೆ? ಎರಡು ಗೂಟ ತಗೊಳ್ಳಿ, ಬಿದಿರೋ ಸರ್ವೆಯೋ. ಗೊನೆ ಯಾವ ಪಕ್ಕಕ್ಕೆ ವಾಲಿದೆಯೋ ಆ ಪಕ್ಕ ಕತ್ತರಿ ಹಾಗೆ ನಿಲ್ಲಿಸಿ, ಗೊನೆಯ ಕತ್ತಿನ ಕೆಳಗೆ ಕಾಂಡ ಆ ಕತ್ತರಿಯಲ್ಲಿ ಕೂರಬೇಕು. ಗೂಟದ ಬುಡ ಒಂದಡಿಯಾದರೂ ನೆಲದೊಳಗೆ ಇಳಿಯಲಿ, ಗೆಡ್ಡೆಯಿಂದ ಒಂದೂವರೆ ಅಡಿ ದೂರ ಇರಲಿ, ಇಲ್ಲದಿದ್ದರೆ ಬೇರೇ ಕತ್ತರಿಸಿಹೋಗುತ್ತದೆ. ಹಗ್ಗ ಕಾಂಡವನ್ನು ಕೊಯ್ಯದ ಹಾಗೆ ನಡುವೆ ಗೋಣಿ ಚೂರು ಇಡಿ. ಕವೆಗೋಲು ಸಿಕ್ಕರೆ ಒಂದೇ ಸಾಕು. ಗೂಟ ದುಬಾರಿ ಸಾರ್ ಅಂತ ಹೇಳುವವರು ಇದ್ದಾರೆ, ಒಪ್ಪುತ್ತೇನೆ. ಗೂಟ ಇಲ್ಲದಿದ್ದರೆ ಹಗ್ಗ ಸಾಕು. ಈ ಗಿಡದ ಕತ್ತಿನಿಂದ, ಗೊನೆ ವಾಲಿರುವುದಕ್ಕೆ ಎದುರು ದಿಕ್ಕಿನಲ್ಲಿರುವ ಗಿಡದ ಬುಡಕ್ಕೆ ಎಳೆದು ಕಟ್ಟಿ. ಸಾಲಿಗೆ ಸಾಲೇ ಒಂದನ್ನೊಂದು ಹಿಡಿದುಕೊಂಡು ನಿಲ್ಲುತ್ತದೆ. ದೊಡ್ಡಮ್ಮ ಮಾಡಿದ್ದೂ ಹೆಚ್ಚುಕಮ್ಮಿ ಇದೇ.

ಕೊನೆಯ ಚಿಪ್ಪು ಬಿಟ್ಟಾಗಿದ್ದರೆ ಗೊನೆಯ ತುದಿಗೆ ನೇತಾಡುವ ಹೂವಿನ ಮೂತಿ ಮುರಿದುಬಿಡಿ, ಅಷ್ಟು ಭಾರ ಇಳಿಯುತ್ತದೆ. ಬುಡಕ್ಕೆ ಮಣ್ಣು ಏರಿಸಿ. ಮೋಡ ಕಟ್ಟಿದ ದಿನ ತೋಟಕ್ಕೆ ನೀರು ತುಂಬಬೇಡಿ, ಮಣ್ಣು ಕೆಸರಾದರೆ ಬೇರಿಗೆ ಹಿಡಿತ ಸಿಗುವುದಿಲ್ಲ, ಗಿಡ ಬುಡಸಮೇತ ಏಳುತ್ತದೆ. ಎಲೆ ಹರಿದುಹೋಯಿತು ಅಂತ ಕೊರಗಬೇಡಿ. ಹರಿದ ಎಲೆಯ ಸಂದಿನಲ್ಲಿ ಗಾಳಿ ನುಸುಳಿ ಹೋಗುತ್ತದೆ, ಗಿಡಕ್ಕೆ ಅದು ಒಳ್ಳೆಯದೇ.

ಮುಂದಿನ ವರ್ಷಕ್ಕೆ ಬೇಲಿ ಸಾಲಿನಲ್ಲಿ ಅಗಸೆ ಹಾಕಿ, ನಮ್ಮ ವೀಳ್ಯದೆಲೆ ತೋಟದವರು ಬೆಳೆಸುತ್ತಾರಲ್ಲ ಅದೇ. ಸರ್ವೆ ಆದರೂ ಸರಿ. ಇಪ್ಪತ್ತಡಿ ಎತ್ತರದ ಮರದ ಸಾಲು ಅದರ ಹಿಂದೆ ಸುಮಾರು ಇನ್ನೂರು ಅಡಿವರೆಗೆ ಗಾಳಿಯ ಹೊಡೆತ ತಗ್ಗಿಸುತ್ತದೆ. ಗೋಡೆ ಕಟ್ಟಿದರೆ ಇಷ್ಟು ಪ್ರಯೋಜನ ಇಲ್ಲ. ಗಾಳಿ ಗೋಡೆ ಹತ್ತಿ ಆ ಕಡೆ ಸುಳಿಯಾಗಿ ಬೀಳುತ್ತದೆ. ಮರದ ಸಾಲು ಅದನ್ನು ಸೋಸಿ ಬಿಡುತ್ತದೆ.

ಕಬ್ಬಿನ ಬಗ್ಗೆಯೂ ಹೇಳಬೇಕಿತ್ತು, ಸಮಯ ಓಡುತ್ತಿದೆ. ಎತ್ತರ ಬಂದ ಕಬ್ಬಾದರೆ ಅದರದೇ ಒಣ ತರಗು ಹೊಸೆದು, ಎದುರುಬದುರು ಸಾಲಿನ ಕಬ್ಬು ಸೇರಿಸಿ ಕಟ್ಟಿ. ಹಸಿ ಎಲೆ ಕಟ್ಟಬೇಡಿ. ಆಲೆಮನೆ, ಕೊಟ್ಟಿಗೆ ಶೀಟಿನ ಮೇಲೆ ಕಲ್ಲು ಹೇರಿಟ್ಟಿರುತ್ತೀರಿ, ಗಾಳಿಗೆ ಶೀಟು ಎದ್ದರೆ ಆ ಕಲ್ಲು ಕೆಳಗೆ ನಿಂತವರ ತಲೆ ಮೇಲೆ ಬರುತ್ತದೆ. ಕಲ್ಲು ತೆಗೆದು ಕೊಕ್ಕೆ ಬೋಲ್ಟ್ ಹಾಕಿಸಿ.

ಸಿಡಿಲು. ಮಿಂಚು ಕಂಡ ತಕ್ಷಣ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಲೆಕ್ಕ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿಸಿತು ಅಂದರೆ ಹತ್ತು ಕಿಲೋಮೀಟರ್ ಒಳಗೇ ಇದೆ, ಹೊಲ ಬಿಟ್ಟು ಮನೆ ಸೇರಿ. ಹುಣಸೆ ಮರ, ತೆಂಗಿನ ಮರದ ಕೆಳಗೆ ದಯವಿಟ್ಟು ನಿಲ್ಲಬೇಡಿ, ದನ ಕರುಗಳನ್ನೂ ಕಟ್ಟಬೇಡಿ. ಗಾಳಿಗೆ ತಂತಿ ಹರಿದು ಬಿದ್ದಿದ್ದರೆ ಕೋಲಿನಲ್ಲೂ ಮುಟ್ಟದೆ ದೂರ ನಿಂತು ಕರೆಂಟಿನವರ ಸಹಾಯವಾಣಿ 1912ಕ್ಕೆ ಫೋನ್ ಮಾಡಿ, ನೀವು ಫೋನ್ ಮಾಡುವಾಗ ಇನ್ನೊಬ್ಬರು ಆ ಕಡೆ ಯಾರೂ ಬರದ ಹಾಗೆ ನೋಡಿಕೊಳ್ಳಲಿ. ಗಿಡ ಬಿದ್ದೇಹೋಗಿದ್ದರೆ ಕಡಿದು ಎಸೆಯುವ ಮೊದಲು ಫೋಟೋ ತೆಗೆಯಿರಿ, ಗ್ರಾಮ ಆಡಳಿತ ಅಧಿಕಾರಿಗೆ, ಅಂದರೆ ಮೊದಲು ಗ್ರಾಮ ಲೆಕ್ಕಿಗರು ಅನ್ನುತ್ತಿದ್ದೆವಲ್ಲ ಅವರಿಗೆ ತಿಳಿಸಿ. ಪರಿಹಾರಕ್ಕೆ ಬೆಳೆ ಶೇಕಡಾ 33ಕ್ಕಿಂತ ಕಡಿಮೆ ಹಾಳಾಗಿರಬಾರದು ಅನ್ನುವ ನಿಯಮ ಇದೆ, ಬಿದ್ದದ್ದು ಕಣ್ಣಿಗೆ ಕಾಣುವ ಹಾಗಿರಲಿ.

ಗಾಜಿನ ಆ ಕಡೆಯಿಂದ ಸಾಕು ಅಂತ ಕೈ ತೋರಿಸುತ್ತಿದ್ದಾರೆ. ಇನ್ನು ಅರ್ಧ ನಿಮಿಷ.

ಇಡೀ ತೋಟಕ್ಕೆ ಇವತ್ತು ಆಗಲ್ಲ ಅಂದರೆ ಎಲ್ಲ ಗಿಡಕ್ಕೂ ಹೋಗಬೇಡಿ. ಅಂಚಿನ ಎರಡು ಸಾಲು ನೋಡಿ, ಗಾಳಿ ಮೊದಲು ತಾಗುವುದು ಅಲ್ಲೇ. ಅದರಲ್ಲಿ ಗೊನೆ ಬಿಟ್ಟಿರುವ ಗಿಡ ನೋಡಿ. ಅದರಲ್ಲೂ ಆಗಲೇ ವಾಲಿರುವುದಕ್ಕೆ ಮೊದಲು ಕಟ್ಟಿ. ಆಳಿಗೆ ಕಾಯಬೇಡಿ, ಮನೆಯಲ್ಲಿ ಇಬ್ಬರಿದ್ದರೆ ಸಾಕು, ಒಬ್ಬರು ಗಿಡ ಹಿಡಿದುಕೊಳ್ಳಿ, ಒಬ್ಬರು ಹಗ್ಗ ಬಿಗಿಯಿರಿ. ಮಧ್ಯಾಹ್ನ ಮೂರು ಗಂಟೆಯ ಒಳಗೆ ಮುಗಿಸಿಕೊಂಡು ಬನ್ನಿ, ಆಮೇಲೆ ಮೋಡ ಏಳುವ ಹೊತ್ತು. ನಮಸ್ಕಾರ.