ಓರೆ ಬೆಳಕಿನಲ್ಲಿ ಹುಡುಕಾಟ

ಕೇಳುಗರಿಗೆ ನಮಸ್ಕಾರ.

ಕತ್ತಲ ಕೋಣೆಗೆ ಹೋದ ಕೂಡಲೇ ನಮ್ಮ ಕೈ ಸ್ವಿಚ್ಚಿನತ್ತ ಹೋಗುತ್ತದೆ. ಅಪರಾಧ ನಡೆದ ಸ್ಥಳದಲ್ಲಿ ವಿಧಿವಿಜ್ಞಾನ ತಜ್ಞರು ಹಾಗೆ ಮಾಡುವುದಿಲ್ಲ. ದೀಪ ಉರಿಯುತ್ತಿತ್ತೇ, ಆರಿತ್ತೇ ಎಂಬುದನ್ನು ಮೊದಲು ಬರೆದುಕೊಳ್ಳಬೇಕು. ಸ್ವಿಚ್ಚಿನ ಮೇಲೆ ಬೆರಳಚ್ಚೂ ಇರಬಹುದು.

ಮೊದಲ ಹುಡುಕಾಟಕ್ಕೆ ಒಂದು ಪ್ರಖರವಾದ ಬಿಳಿ ಟಾರ್ಚು ಸಾಕು. ಬಾಗಿಲಲ್ಲೇ ಕುಕ್ಕರಗಾಲಲ್ಲಿ ಕೂತು, ಟಾರ್ಚನ್ನು ನೆಲಕ್ಕೆ ತಾಗಿದಂತೆ ಹಿಡಿದು, ಬೆಳಕು ನೆಲವನ್ನು ಸವರಿಕೊಂಡು ಹೋಗುವಂತೆ ನಿಧಾನವಾಗಿ ತಿರುಗಿಸುತ್ತಾರೆ. ಮೇಲಿನಿಂದ ನೋಡಿದರೆ ಗುಡಿಸಿಟ್ಟಂತೆ ಕಾಣುವ ಟೈಲ್ಸ್ ನೆಲವದು. ಬೆಳಕು ಅಡ್ಡ ಬಿದ್ದೊಡನೆ ಧೂಳಿನ ಕಣಗಳು ಮಿನುಗಿ, ಶೂ ಅಟ್ಟೆಯ ಅಂಕುಡೊಂಕು ಗೆರೆಗಳು ಏಳುತ್ತವೆ; ಹಿಮ್ಮಡಿ ಸವೆದ ಒಂದು ಮೂಲೆಯೂ ಗೊತ್ತಾಗುತ್ತದೆ. ಟಾರ್ಚನ್ನು ಒಂದು ಗೇಣು ಮೇಲೆತ್ತಿ ನೋಡಿ, ಎಲ್ಲ ಮಾಯ! ಬೆಳಕು ಎಷ್ಟಿದೆ ಎನ್ನುವುದಕ್ಕಿಂತ ಎತ್ತ ಕಡೆಯಿಂದ ಬೀಳುತ್ತಿದೆ ಎನ್ನುವುದೇ ಇಲ್ಲಿ ದೊಡ್ಡದು.

ಒಂದೇ ದಿಕ್ಕಿನ ಬೆಳಕನ್ನು ನಂಬಿದರೆ ಮೋಸ ಹೋಗುತ್ತೇವೆ. ಬೆಳಕು ಹರಿಯುವ ದಿಕ್ಕಿನಲ್ಲೇ ಇರುವ ಗೆರೆಗೆ ನೆರಳು ಬೀಳುವುದಿಲ್ಲ. ಅದಕ್ಕೇ ಮಣ್ಣಿನಲ್ಲಿ ಒತ್ತಿದ ಹೆಜ್ಜೆಯ ಫೋಟೊ ತೆಗೆಯುವಾಗ ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಗುರುತಿಗೆ ನೇರ ಲಂಬವಾಗಿ ನಿಲ್ಲಿಸಿ, ಅದನ್ನು ಅಲುಗಿಸದೆ, ಫ್ಲ್ಯಾಷನ್ನು ಮಾತ್ರ ಸುತ್ತಲೂ ಮೂರು ನಾಲ್ಕು ಕಡೆಗೆ ಒಯ್ಯುತ್ತಾರೆ. ಅಳತೆಪಟ್ಟಿ ಹೆಜ್ಜೆಯ ತಳದ ಮಟ್ಟದಲ್ಲೇ ಇರಬೇಕು. ಮೇಲಿನ ಮಣ್ಣಿನ ಮೇಲಿಟ್ಟರೆ ಗುರುತಿನ ಅಳತೆ ತಪ್ಪುತ್ತದೆ. ಹಗಲಾದರೆ ಬಿಸಿಲಿಗೆ ರಟ್ಟು ಅಡ್ಡ ಹಿಡಿಯಲೇಬೇಕು.

ಬಿಳಿ ಬೆಳಕಿನ ಸರದಿ ಮುಗಿದ ಮೇಲೆ ಕಿಟಕಿಗಳಿಗೆ ಕಪ್ಪು ಪ್ಲಾಸ್ಟಿಕ್ ಹಾಳೆ ಕಟ್ಟಿ, ಕಣ್ಣು ಕತ್ತಲಿಗೆ ಒಗ್ಗುವವರೆಗೆ ಕಾಯುತ್ತಾರೆ. ಈ ಕಾಯುವಿಕೆಯಲ್ಲಿ ಅವಸರ ಮಾಡಿದವರಿಗೆ ಮಸುಕಾದ ಕಲೆಗಳು ಕಾಣದೇ ಹೋಗುತ್ತವೆ. ಆಮೇಲೆ ಸುಮಾರು 450 ನ್ಯಾನೊಮೀಟರ್ ತರಂಗಾಂತರದ ನೀಲಿ ಬೆಳಕು, ಕಣ್ಣಿಗೆ ಕಿತ್ತಳೆ ಬಣ್ಣದ ಕನ್ನಡಕ. ವೀರ್ಯದ ಕಲೆ ನೀಲಿ ಬೆಳಕನ್ನು ಹೀರಿ ಬೇರೆ ಬಣ್ಣದ ಮಂದ ಬೆಳಕನ್ನು ಹೊರಸೂಸುತ್ತದೆ. ಕನ್ನಡಕ ನೀಲಿಯನ್ನು ತಡೆದು ಆ ಮಂದ ಬೆಳಕನ್ನಷ್ಟೇ ಒಳಬಿಡುತ್ತದೆ. ಫೋಟೊಗೆ ಲೆನ್ಸಿನ ಮೇಲೂ ಅದೇ ಬಣ್ಣದ ಫಿಲ್ಟರ್ ಬೇಕು. ಮರೆತರೆ ಚಿತ್ರವೆಲ್ಲ ನೀಲಿ. ಜೊಲ್ಲೂ ಹೊಳೆಯುತ್ತದೆ, ಆದರೆ ತೀರಾ ಕ್ಷೀಣವಾಗಿ.

ರಕ್ತ ಮಾತ್ರ ಹೊಳೆಯುವುದಿಲ್ಲ. ಅದು 415 ನ್ಯಾನೊಮೀಟರಿನ ಆಸುಪಾಸಿನ ಬೆಳಕನ್ನು ಗಟ್ಟಿಯಾಗಿ ಹೀರಿಕೊಳ್ಳುವುದರಿಂದ ಆ ಬೆಳಕಿನಲ್ಲಿ ಕಪ್ಪಾಗಿ ಕಾಣುತ್ತದೆ. ಕಪ್ಪು ಬಟ್ಟೆಯ ಮೇಲಿದ್ದರೆ ಆ ಉಪಾಯ ನಡೆಯದು. ಆಗ ಅವಕೆಂಪು, ಅಂದರೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನ, ಕ್ಯಾಮೆರಾ ಹಿಡಿದರೆ ಅನೇಕ ಬಟ್ಟೆಗಳು ತಿಳಿಯಾಗಿ, ಕಲೆ ಕಪ್ಪಾಗಿ ಬೇರ್ಪಡುತ್ತದೆ.

ನೇರಳಾತೀತ ದೀಪದಲ್ಲಿ ಇನ್ನೊಂದು ತೊಡಕು. ಬಿಳುಪು ಹೆಚ್ಚಲೆಂದು ಸೋಪಿನ ಪುಡಿಗೆ ಹಾಕುವ ರಾಸಾಯನಿಕ ಬಟ್ಟೆಯನ್ನೆಲ್ಲ ಬೆಳಗಿಸಿ ಕಲೆಯನ್ನು ಮುಳುಗಿಸಿಬಿಡುತ್ತದೆ. ಅಲ್ಪ ತರಂಗದ ನೇರಳಾತೀತವಂತೂ ಡಿಎನ್‌ಎಯನ್ನೇ ಕೆಡಿಸುತ್ತದೆ. ಹೊಳೆದದ್ದೆಲ್ಲ ಸಾಕ್ಷ್ಯವೂ ಅಲ್ಲ. ಅದು ಬರಿಯ ಸುಳಿವು. ಗುರುತು ಹಾಕಿ, ಫೋಟೊ ತೆಗೆದು, ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಬೇಕು.

ತೊಳೆದುಹಾಕಿದ ರಕ್ತವನ್ನು ಹುಡುಕಲು, ರಕ್ತ ತಾಗಿದರೆ ಕತ್ತಲಲ್ಲಿ ಹೊಳೆಯುವ ಲುಮಿನಾಲ್ ಎಂಬ ರಾಸಾಯನಿಕ ಸಿಂಪಡಿಸುವುದು ಎಲ್ಲಕ್ಕೂ ಕೊನೆಗೆ, ಏಕೆಂದರೆ ದ್ರವ ಬಿದ್ದಲ್ಲಿ ಕಲೆ ತೆಳುವಾಗಿ ಹರಡುತ್ತದೆ. ನೀಲಿ ಹೊಳಪು ಉಳಿಯುವುದು ಅರ್ಧ ನಿಮಿಷದಷ್ಟು. ಕ್ಯಾಮೆರಾ ಫೋಕಸ್ ಮಾಡಿ, ಶಟರ್ ತೆರೆಯಲು ಸಿದ್ಧವಾದ ಮೇಲೆಯೇ ಸಿಂಪಡಿಸಬೇಕು. ಬ್ಲೀಚಿಂಗ್ ಪುಡಿಯಿಂದ ತೊಳೆದ ನೆಲವೂ ಹಾಗೆಯೇ ಹೊಳೆಯುತ್ತದೆ, ತಾಮ್ರದ ಪಾತ್ರೆಯೂ ಅಷ್ಟೇ.