ಶುಶ್ರೂಷಾ ಶಿಕ್ಷಣದಲ್ಲಿ ರೋಗಿಯ ಸುರಕ್ಷತೆ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಆಸ್ಪತ್ರೆಗಳಲ್ಲಿ ಚಿಕಿತ್ಸೆಯ ವೇಳೆ ನಡೆಯುವ ತಪ್ಪುಗಳಿಂದ ವರ್ಷಕ್ಕೆ 44,000ದಿಂದ 98,000 ಮಂದಿ ಸಾಯುತ್ತಿರಬಹುದೆಂದು ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 1999ರ ತನ್ನ ವರದಿಯಲ್ಲಿ ಅಂದಾಜು ಮಾಡಿತು. ಇಂಥ ತಪ್ಪುಗಳಲ್ಲಿ ಹೆಚ್ಚಿನವಕ್ಕೆ ಕೆಲಸದ ವ್ಯವಸ್ಥೆಯೇ ದಾರಿ ಮಾಡಿಕೊಡುತ್ತದೆ ಎಂಬುದು ಅದರ ಮುಖ್ಯ ನಿಲುವಾಗಿತ್ತು. 2005ರಲ್ಲಿ ಅದೇ ದೇಶದಲ್ಲಿ ಆರಂಭವಾದ ಕ್ಯೂಸೆನ್ (ನರ್ಸ್‌ಗಳಿಗೆ ಗುಣಮಟ್ಟ ಮತ್ತು ಸುರಕ್ಷತೆಯ ಶಿಕ್ಷಣ) ಎಂಬ ಯೋಜನೆಯು ರೋಗಿಕೇಂದ್ರಿತ ಆರೈಕೆ, ತಂಡವಾಗಿ ದುಡಿಯುವುದು, ಪುರಾವೆ ಆಧರಿಸಿದ ಶುಶ್ರೂಷೆ, ಗುಣಮಟ್ಟದ ಸುಧಾರಣೆ, ಸುರಕ್ಷತೆ, ಮಾಹಿತಿ ತಂತ್ರಜ್ಞಾನದ ಬಳಕೆ ಎಂಬ ಆರು ಸಾಮರ್ಥ್ಯಗಳನ್ನು ನರ್ಸಿಂಗ್ ವಿದ್ಯಾರ್ಥಿಗಳಲ್ಲಿ ಬೆಳೆಸಬೇಕೆಂದು ಗುರುತಿಸಿತು.

ಈ ಆರನ್ನೂ ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆಯುವ ವಿದ್ಯಾರ್ಥಿ ವಾರ್ಡಿನಲ್ಲಿ ಸಂದೇಹ ಬಂದರೂ ಬಾಯಿ ಬಿಡದೆ ನಿಂತರೆ ಆ ಕಲಿಕೆಯಿಂದ ರೋಗಿಗೆ ಏನೂ ದಕ್ಕುವುದಿಲ್ಲ. ಇನ್ಸುಲಿನ್ ಚೀಟಿಯನ್ನೇ ನೋಡೋಣ. ಹತ್ತು ಯೂನಿಟ್ ಎನ್ನಲು 10ರ ಪಕ್ಕದಲ್ಲಿ ಇಂಗ್ಲಿಷಿನ ‘ಯು’ ಅಕ್ಷರವನ್ನಷ್ಟೇ ಬರೆದಾಗ, ಅದರ ಬಾಯಿ ಕೊಂಚ ಮುಚ್ಚಿಕೊಂಡರೂ ಸೊನ್ನೆಯಂತೆ ಕಂಡು ಹತ್ತು ನೂರಾಗುತ್ತದೆ. ಆದ್ದರಿಂದಲೇ ‘ಯೂನಿಟ್’ ಎಂದು ಪೂರ್ತಿ ಬರೆಯಬೇಕೆಂಬ ನಿಯಮವಿದೆ. ಮಿಲಿಲೀಟರಿಗೆ ನೂರು ಯೂನಿಟ್ ಇರುವ ಇನ್ಸುಲಿನ್ನಿನಲ್ಲಿ, ಹಾಗೆ ತಪ್ಪಾಗಿ ಓದಿದ ನೂರು ಯೂನಿಟ್ ಎಂದರೆ ಪೂರ್ತಿ ಒಂದು ಮಿಲಿಲೀಟರ್. ಸಿರಿಂಜಿನಲ್ಲಿ ಅಷ್ಟು ಔಷಧ ತುಂಬಿಕೊಳ್ಳುವಾಗ ವಿದ್ಯಾರ್ಥಿಯ ಕೈ ತಡೆಯಬೇಕು, ಎಷ್ಟೇ ಹಿರಿಯರು ಬರೆದದ್ದಾದರೂ ‘ಇದನ್ನು ಇನ್ನೊಮ್ಮೆ ನೋಡುತ್ತೀರಾ?’ ಎಂದು ಕೇಳಬೇಕು. ದೂರವಾಣಿಯಲ್ಲಿ ಬಂದ ಸೂಚನೆಯನ್ನು ಬರೆದುಕೊಂಡು, ಬರೆದದ್ದನ್ನು ಓದಿ ಹೇಳಿ, ಸರಿಯೆಂದು ಖಚಿತಪಡಿಸಿಕೊಳ್ಳುವ ಅಭ್ಯಾಸವೂ ಇದೇ ಬಗೆಯದು.

ಹೀಗೆ ಕೇಳುವ ಧೈರ್ಯ ಉಪನ್ಯಾಸದಿಂದ ಬರುವುದಿಲ್ಲ. ಅಣಕು ವಾರ್ಡಿನಲ್ಲಿ ಬೋಧಕರು ಬೇಕೆಂದೇ ತಪ್ಪು ಪ್ರಮಾಣ ಬರೆದಿಟ್ಟು, ಅವಸರದ ವೈದ್ಯರ ಪಾತ್ರವನ್ನು ತಾವೇ ವಹಿಸಿ, ತಮ್ಮನ್ನೇ ತಡೆಯುವಂತೆ ವಿದ್ಯಾರ್ಥಿಗಳನ್ನು ಪಳಗಿಸಬೇಕು. ನಿಜವಾದ ವಾರ್ಡಿನಲ್ಲಿ, ಆಗಬೇಕಿದ್ದ ಅನಾಹುತವೊಂದು ಕೂದಲೆಳೆಯಲ್ಲಿ ತಪ್ಪಿತೆಂದು ವಿದ್ಯಾರ್ಥಿ ಬಂದು ಹೇಳಿದಾಗ ಬೋಧಕರ ಬಾಯಿಂದ ಮೊದಲು ‘ಯಾರು ಮಾಡಿದ್ದು?’ ಎಂಬ ಪ್ರಶ್ನೆ ಬಂದರೆ, ಮುಂದಿನ ಸಲ ಆ ಸುದ್ದಿ ಅವರ ಕಿವಿಗೆ ಬೀಳುವುದೇ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಈ ಮೌನ. ರೋಗಿ ಹೇಗಿದ್ದಾರೆಂದು ವಿಚಾರಿಸಿ, ಆಮೇಲೆ ತಪ್ಪಿಗೆ ಎಡೆಯಾದದ್ದು ಹೇಗೆಂದು ವಿದ್ಯಾರ್ಥಿಯ ಜೊತೆ ಕುಳಿತು ಹುಡುಕಬೇಕು. ವಿದ್ಯಾರ್ಥಿ ತಂದ ಆ ಸುದ್ದಿಯಿಂದ ಔಷಧದ ಕಪಾಟಿನಲ್ಲೋ ಚೀಟಿಯಲ್ಲೋ ಏನಾದರೂ ಬದಲಾದರೆ, ಅದನ್ನು ವಿದ್ಯಾರ್ಥಿಗೆ ತಿಳಿಸುವುದೂ ಬೋಧಕರ ಕೆಲಸವೇ.

ನಮಸ್ಕಾರ.